ಬ್ರಿಟನ್ನಿನ ಶಾಲಾ ಆರೋಗ್ಯ ಸೇವೆ ಮತ್ತು ಊರಿನ ಆರೋಗ್ಯಾಧಿಕಾರಿ, 1939–1974: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಇಂಗ್ಲೆಂಡ್ ಮತ್ತು ವೇಲ್ಸಿಗೆ ಸಂಬಂಧಿಸಿದವು. ಸ್ಕಾಟ್ಲೆಂಡಿನಲ್ಲಿ ಕೆಲಸ ಹೆಚ್ಚುಕಡಿಮೆ ಇದೇ ಆಗಿದ್ದರೂ ಕಾಯ್ದೆಗಳು ಬೇರೆ. ಸ್ಕಾಟ್ಲೆಂಡಿನ ಮಾತು ಬಂದಲ್ಲಿ ಹಾಗೆಂದೇ ಹೇಳಿದ್ದೇವೆ.

ಶಾಲಾ ಮಕ್ಕಳ ತಪಾಸಣೆ ಎನ್‌ಎಚ್‌ಎಸ್‌ನ ಕೆಲಸವಾಗಿತ್ತಲ್ಲವೇ?

ಅಲ್ಲ. ಬಹಳ ಜನ ಎಡವುವುದು ಇಲ್ಲಿಯೇ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ಶುರುವಾದಾಗ ಅದು ಮೂರು ಹೋಳಾಗಿತ್ತು. ಆಸ್ಪತ್ರೆಗಳು ಪ್ರಾದೇಶಿಕ ಮಂಡಳಿಗಳ ಕೈಗೆ ಹೋದವು. ಕುಟುಂಬ ವೈದ್ಯರು, ದಂತವೈದ್ಯರು, ಔಷಧಿ ಅಂಗಡಿಯವರು ಮತ್ತು ಕನ್ನಡಕದವರು ಕಾರ್ಯಕಾರಿ ಸಮಿತಿಗಳ ಕೆಳಗೆ ಬಂದರು. ತಾಯಿ-ಮಗುವಿನ ಆರೈಕೆ, ಸೂಲಗಿತ್ತಿಯರು, ಮನೆಮನೆಗೆ ಹೋಗುವ ಹೆಲ್ತ್ ವಿಸಿಟರ್‌ಗಳು, ಲಸಿಕೆ ಮತ್ತು ಆಂಬ್ಯುಲೆನ್ಸ್ ಮಾತ್ರ ಕೌಂಟಿ (ನಮ್ಮ ಜಿಲ್ಲೆಯಂಥದು) ಹಾಗೂ ಕೌಂಟಿ ಬರೋ (ದೊಡ್ಡ ಪಟ್ಟಣ) ಕೌನ್ಸಿಲ್‌ಗಳ ಬಳಿ ಉಳಿದವು. ಶಾಲಾ ಆರೋಗ್ಯ ಸೇವೆ ಈ ಮೂರಕ್ಕೂ ಸೇರಿರಲಿಲ್ಲ. ಅದು 1944ರ ಶಿಕ್ಷಣ ಕಾಯ್ದೆಯ ಕೂಸು, ಖರ್ಚೂ ಶಿಕ್ಷಣ ಸಮಿತಿಯದ್ದೇ. ಆದರೆ ಕೌನ್ಸಿಲ್ಲಿನ ಆರೋಗ್ಯಾಧಿಕಾರಿಯೇ ಸಾಮಾನ್ಯವಾಗಿ ಪ್ರಧಾನ ಶಾಲಾ ವೈದ್ಯಾಧಿಕಾರಿಯೂ ಆಗಿರುತ್ತಿದ್ದರು. ಹಾಗಾಗಿ ಒಬ್ಬರೇ ವೈದ್ಯರು ಆರೋಗ್ಯ ಸಮಿತಿಗೊಂದು, ಶಿಕ್ಷಣ ಸಮಿತಿಗೊಂದು ಎಂದು ವರ್ಷಕ್ಕೆ ಎರಡು ವರದಿ ಬರೆಯುತ್ತಿದ್ದರು.

ಅಲ್ಲಿನ ಆರೋಗ್ಯಾಧಿಕಾರಿ ನಮ್ಮ ಡಿ.ಎಚ್.ಓ. ಥರದವರೇ?

ಕೆಲಸ ನೋಡಿದರೆ ಹೌದು, ನೌಕರಿ ನೋಡಿದರೆ ಅಲ್ಲ. ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ ರಾಜ್ಯ ಸರ್ಕಾರದ ನೌಕರರು, ವರ್ಗಾವಣೆಯಾಗಿ ಬಂದು ವರ್ಗಾವಣೆಯಾಗಿ ಹೋಗುವವರು. ಬ್ರಿಟನ್ನಿನವರು ಊರಿನ ಚುನಾಯಿತ ಕೌನ್ಸಿಲ್ಲಿನ ನೌಕರರು. ಎಷ್ಟೋ ಜನ ಒಂದೇ ಊರಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದವರು. ಸಂಬಳ ಕೊಡುವುದು ಕೌನ್ಸಿಲ್ ಆದರೂ ದೊಡ್ಡ ಕೌನ್ಸಿಲ್‌ಗಳು ಸಚಿವರ ಒಪ್ಪಿಗೆಯಿಲ್ಲದೆ ಅವರನ್ನು ವಜಾ ಮಾಡುವಂತಿರಲಿಲ್ಲ. ಕೌನ್ಸಿಲ್ಲಿನದೇ ಮನೆಗಳು ತೇವ ಹಿಡಿದಿವೆ ಎಂದು ಅವರು ವರದಿಯಲ್ಲಿ ನೇರವಾಗಿ ಬರೆಯಲು ಸಾಧ್ಯವಾಗಿದ್ದು ಈ ರಕ್ಷಣೆಯಿಂದ. ಈ ಹುದ್ದೆಗೆ ಮೊದಲು ಬಂದವರು 1847ರಲ್ಲಿ ಲಿವರ್‌ಪೂಲಿನ ವಿಲಿಯಂ ಹೆನ್ರಿ ಡಂಕನ್.

ಆರೋಗ್ಯಾಧಿಕಾರಿಯ ಕೈಕೆಳಗೆ ಸ್ಯಾನಿಟರಿ ಇನ್ಸ್‌ಪೆಕ್ಟರ್‌ಗಳಿದ್ದರು. 1956ರಿಂದ ಅವರ ಪದನಾಮ ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್ ಎಂದಾಯಿತು. ಹಳೆಯ ಕಾಗದಗಳಲ್ಲಿ ಎರಡೂ ಹೆಸರು ಕಂಡರೆ ಎರಡು ಹುದ್ದೆ ಎಂದುಕೊಳ್ಳಬೇಡಿ.

ಶಾಲೆಯಲ್ಲೇ ತಪಾಸಣೆ ಮಾಡಬೇಕೆಂದು ಯಾಕೆ ಅನಿಸಿತು?

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ (1899–1902) ಸೇರಲು ಬಂದ ಯುವಕರಲ್ಲಿ ಬಹಳ ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. 1904ರಲ್ಲಿ ಸರ್ಕಾರದ ಸಮಿತಿಯೊಂದು ಈ ವಿಷಯ ಪರಿಶೀಲಿಸಿತು. 1906ರಲ್ಲಿ ಶಾಲಾ ಊಟದ ಕಾಯ್ದೆ ಬಂತು, 1907ರಲ್ಲಿ ಶಾಲಾ ತಪಾಸಣೆಯ ಕಾಯ್ದೆ. ಸೈನ್ಯದ ಲೆಕ್ಕಾಚಾರದಿಂದ ಹುಟ್ಟಿದರೂ ಮಕ್ಕಳಿಗೆ ನಿಜವಾದ ಉಪಕಾರ ಮಾಡಿದ ಕಾನೂನು ಇದು. ಒಂದು ಕೊರತೆ ಮಾತ್ರ ಮೊದಲ ದಿನದಿಂದಲೇ ಕಾಡಿತು: ತಪಾಸಣೆ ಕಡ್ಡಾಯವಾಯಿತು, ಚಿಕಿತ್ಸೆ ಆಗಲಿಲ್ಲ. ಮಗುವಿನ ಕಿವಿ ಸೋರುತ್ತಿದೆ ಎಂದು ಕಾರ್ಡಿನಲ್ಲಿ ಬರೆದು ಮನೆಗೆ ಚೀಟಿ ಕಳಿಸಿದರೆ, ವೈದ್ಯರ ಫೀಸಿಗೆ ದುಡ್ಡಿಲ್ಲದ ತಾಯಿ ಏನು ಮಾಡಬೇಕು? ಮುಂದಿನ ನಲವತ್ತು ವರ್ಷ ಈ ಸೇವೆ ಹೆಣಗಿದ್ದು ಈ ಅಂತರ ತುಂಬಲಿಕ್ಕೆ. 1944ರ ಕಾಯ್ದೆಯ ಕಲಂ 48 ಉಚಿತ ಚಿಕಿತ್ಸೆಯ ಹೊಣೆಯನ್ನು ಶಿಕ್ಷಣ ಪ್ರಾಧಿಕಾರದ ಮೇಲೆ ಹೊರಿಸಿತು. ಅಲ್ಲಿಯವರೆಗೆ ಇದ್ದ 315 ಪ್ರಾಧಿಕಾರಗಳನ್ನು 146ಕ್ಕೆ ಇಳಿಸಿದ್ದರಿಂದ, ಪುಟ್ಟ ಊರಿನ ಮಕ್ಕಳಿಗೂ ಕೌಂಟಿಯ ಕ್ಲಿನಿಕ್ಕು, ತಜ್ಞರು ಸಿಗುವಂತಾಯಿತು.

ಒಂದು ಮಗುವಿಗೆ ಎಷ್ಟು ಸಲ ತಪಾಸಣೆ ಆಗುತ್ತಿತ್ತು?

ಪೂರ್ತಿ ತಪಾಸಣೆ ಮೂರು ಸಲ: ಶಾಲೆ ಸೇರಿದಾಗ (ಸುಮಾರು 5 ವರ್ಷ), ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ (ಸುಮಾರು 10), ಮತ್ತು ಶಾಲೆ ಬಿಡುವ ವರ್ಷ. ಇದಲ್ಲದೆ ಶಿಕ್ಷಕರು ಅಥವಾ ತಂದೆತಾಯಿ ಕೇಳಿದರೆ ‘ವಿಶೇಷ ತಪಾಸಣೆ’, ಹಿಂದೆ ದೋಷ ಸಿಕ್ಕಿದ್ದವರಿಗೆ ‘ಮರುತಪಾಸಣೆ’. 1950ರ ದಶಕದಿಂದ ಕೆಲವು ಕಡೆ ನಡುವಿನ ತಪಾಸಣೆಯನ್ನು ಎಲ್ಲರಿಗೂ ಮಾಡದೆ, ಪೋಷಕರ ಪ್ರಶ್ನಾವಳಿ ಮತ್ತು ಶಿಕ್ಷಕರ ಮಾತನ್ನು ನೋಡಿ ಬೇಕಾದವರನ್ನಷ್ಟೇ ಕರೆಯುವ ಕ್ರಮ ಬಂತು.

ತಪಾಸಣೆಯ ದಿನ ನಿಜಕ್ಕೂ ಏನು ನಡೆಯುತ್ತಿತ್ತು?

ಮುಂಚಿತವಾಗಿಯೇ ಮನೆಗೆ ಚೀಟಿ ಹೋಗಿರುತ್ತಿತ್ತು, ತಾಯಿ ಬರಬಹುದು ಎಂದು. ಐದು ವರ್ಷದ ಮಕ್ಕಳ ಜೊತೆ ತಾಯಂದಿರು ಬಂದೇ ಬರುತ್ತಿದ್ದರು. ಶಾಲೆ ಬಿಡುವ ಹುಡುಗರ ಜೊತೆ ಬರುವವರು ಕಡಿಮೆ. ವೈದ್ಯರಿಗೆ ಪ್ರತ್ಯೇಕ ಕೋಣೆ ಇದ್ದ ಶಾಲೆಗಳು ಹೊಸ ಕಟ್ಟಡಗಳಷ್ಟೇ. ಉಳಿದೆಡೆ ಮುಖ್ಯೋಪಾಧ್ಯಾಯರ ಕೋಣೆ, ಸಭಾಂಗಣದ ಮೂಲೆ, ಕೆಲವೊಮ್ಮೆ ಕೋಟು ನೇತುಹಾಕುವ ಓಣಿ. ಗದ್ದಲದಲ್ಲಿ ಸ್ಟೆತಾಸ್ಕೋಪಿಗೆ ಹೃದಯದ ಮರ್ಮರ ಕೇಳುವುದು ಕಷ್ಟ. ಸ್ಥಳದ ಬಗ್ಗೆ ವೈದ್ಯರು ವರ್ಷವರ್ಷವೂ ದೂರುತ್ತಿದ್ದುದು ಇದಕ್ಕೇ.

ವೈದ್ಯರು ಬರುವ ಮೊದಲೇ ನರ್ಸ್ ಎತ್ತರ, ತೂಕ, ದೃಷ್ಟಿ ನೋಡಿ ಮುಗಿಸಿರುತ್ತಿದ್ದರು. ದೃಷ್ಟಿಗೆ ಸ್ನೆಲೆನ್ ಫಲಕ, ದೂರ 20 ಅಡಿ ಅಥವಾ 6 ಮೀಟರ್, ಒಂದೊಂದೇ ಕಣ್ಣು. 6/12 ಎಂದರೆ ಸರಿಯಾದ ಕಣ್ಣು 12 ಮೀಟರಿನಿಂದ ಓದುವುದನ್ನು ಈ ಮಗು 6 ಮೀಟರಿಗೆ ಬಂದರಷ್ಟೇ ಓದುತ್ತದೆ. ಸುಲಭವಾಗಿ ಕಂಡರೂ ತಪ್ಪುಗಳು ಆಗುತ್ತಿದ್ದುದು ಇದರಲ್ಲೇ. ಸಾಲಿನಲ್ಲಿ ನಿಂತ ಮಕ್ಕಳು ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡಿಬಿಡುತ್ತಿದ್ದರು. ಅಂಗೈ ಬದಲು ಬೆರಳಿನಿಂದ ಕಣ್ಣು ಮುಚ್ಚಿದರೆ ಸಂದಿಯಿಂದ ಇಣುಕುತ್ತಿದ್ದರು. ಒಂದು ಕಣ್ಣು ಮಂಜಾಗಿದ್ದು ಇನ್ನೊಂದು ಚೆನ್ನಾಗಿರುವ ಮಗುವಿಗೆ ತನಗೆ ತೊಂದರೆ ಇದೆ ಎಂದೇ ಗೊತ್ತಿರುವುದಿಲ್ಲ, ಇಣುಕಿದರೆ ಅದು ಯಾರಿಗೂ ಗೊತ್ತಾಗದು. ಅದಕ್ಕೆ ಕಣ್ಣಿಗೆ ರಟ್ಟು ಹಿಡಿಸಿ, ಕಾಯುವವರನ್ನು ಕೋಣೆಯಿಂದ ಆಚೆ ನಿಲ್ಲಿಸುವುದು ಒಳ್ಳೆಯ ನರ್ಸ್‌ಗಳ ಪದ್ಧತಿ. ಅಕ್ಷರ ಬಾರದ ಪುಟಾಣಿಗಳಿಗೆ ನಾಲ್ಕು ದಿಕ್ಕಿಗೆ ತಿರುಗಿಸಿದ ‘ಇ’ ಆಕಾರದ ಫಲಕ. ಐದು ವರ್ಷದ ಫಲಿತಾಂಶವನ್ನು ನಂಬಲಾಗದೆ, ಬಹಳ ಪ್ರಾಧಿಕಾರಗಳು 8ರ ಸುಮಾರಿಗೆ ದೃಷ್ಟಿಯನ್ನಷ್ಟೇ ಮತ್ತೊಮ್ಮೆ ನೋಡುತ್ತಿದ್ದವು.

ಆಮೇಲೆ ವೈದ್ಯರ ಸರದಿ: ಚರ್ಮ, ಹಲ್ಲು, ಟಾನ್ಸಿಲ್, ಕಿವಿ, ಕುತ್ತಿಗೆಯ ಗ್ರಂಥಿಗಳು, ಎದೆ, ಹೊಟ್ಟೆ, ಬೆನ್ನುಮೂಳೆ, ಪಾದ. ಒಂದು ಮಗುವಿಗೆ ಸಿಗುತ್ತಿದ್ದುದು ಕೆಲವೇ ನಿಮಿಷ. ಕಿವಿಗೆ ಮೊದಲು ಪಿಸುಮಾತಿನ ಪರೀಕ್ಷೆ ಇತ್ತು. ಗ್ರಾಮಫೋನ್ ಆಡಿಯೋಮೀಟರ್ ಬಂದ ಮೇಲೆ ತರಗತಿಗೆ ತರಗತಿಯನ್ನೇ ಕೂರಿಸಿ, ಹೆಡ್‌ಫೋನಿನಲ್ಲಿ ಕ್ಷೀಣವಾಗುತ್ತಾ ಹೋಗುವ ಅಂಕಿಗಳನ್ನು ಬರೆಸುತ್ತಿದ್ದರು. ಅಂಕಿ ಬರೆಯಲು ಬಾರದ ಮಗು ಇದರಲ್ಲಿ ಕಿವುಡಾಗಿ ಕಾಣುತ್ತಿತ್ತು. ಶುದ್ಧ ಸ್ವರದ ಆಡಿಯೋಮೀಟರ್ 1950ರ ದಶಕದಲ್ಲಿ ಹರಡಿದ ಮೇಲೆ ಆ ಗೊಂದಲ ತಪ್ಪಿತು.

ದೋಷ ಸಿಕ್ಕಿದರೆ ಮುಂದೇನು?

ಕಾರ್ಡಿನಲ್ಲಿ ಎರಡರಲ್ಲೊಂದು ಗುರುತು ಬೀಳುತ್ತಿತ್ತು: ಚಿಕಿತ್ಸೆ ಬೇಕು, ಅಥವಾ ಕಣ್ಣಿಟ್ಟಿರಬೇಕು. ಚಿಕಿತ್ಸೆ ಬೇಕಾದವರು ಕೌನ್ಸಿಲ್ಲಿನ ಸಣ್ಣ ಕಾಯಿಲೆಗಳ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಕೀವುಗಟ್ಟಿದ ಹುಣ್ಣಿಗೆ ನೇರಳೆ ಬಣ್ಣದ ಜೆನ್ಷಿಯನ್ ವಯೊಲೆಟ್, ಸೋರುವ ಕಿವಿಗೆ ದಿನಬಿಟ್ಟು ದಿನ ಶುಚಿ, ಕಣ್ಣುಬೇನೆಗೆ ಹನಿ, ಗಾಯಕ್ಕೆ ಪಟ್ಟಿ. ದೊಡ್ಡ ತೊಂದರೆಗಳು ತಜ್ಞರಿಗೆ.

ಮಗು ಕ್ಲಿನಿಕ್ಕಿಗೆ ಬರದಿದ್ದರೆ ನರ್ಸ್ ಮನೆಗೆ ಹೋಗುತ್ತಿದ್ದರು. ಈ ಸೇವೆಯ ಜೀವಾಳ ಈ ನಡಿಗೆಯೇ ಎಂದು ನಾವು ಹೇಳುತ್ತೇವೆ. ಕನ್ನಡಕದ ಚೀಟಿ ಅಲಮಾರಿನಲ್ಲೇ ಬಿದ್ದಿದೆಯೇ, ಕನ್ನಡಕ ಬಂದರೂ ಮಗು ಹಾಕಿಕೊಳ್ಳುತ್ತಿಲ್ಲವೇ, ಮುರಿದುಹೋಗಿದೆಯೇ ಎನ್ನುವುದು ಮನೆ ಬಾಗಿಲಲ್ಲಿ ನಿಂತರೆ ಮಾತ್ರ ತಿಳಿಯುತ್ತದೆ. 1948ರ ನಂತರ ಚಿಕಿತ್ಸೆ ಕುಟುಂಬ ವೈದ್ಯರಿಗೂ ಆಸ್ಪತ್ರೆಗೂ ಹಂಚಿಹೋದಾಗ ಈ ಎಳೆ ಕೆಲವು ಕಡೆ ಸಡಿಲವಾಯಿತು. ಆಸ್ಪತ್ರೆಯ ಪತ್ರ ಕುಟುಂಬ ವೈದ್ಯರಿಗೆ ಹೋಗಿ, ಮಗುವನ್ನು ಮೊದಲು ಕಳಿಸಿದ ಶಾಲಾ ವೈದ್ಯರಿಗೆ ಪ್ರತಿ ಬರುತ್ತಿರಲಿಲ್ಲ. ಮೊದಲ ಒಂದೆರಡು ವರ್ಷ ಕನ್ನಡಕಕ್ಕೆ ಇಡೀ ದೇಶವೇ ಮುಗಿಬಿದ್ದು ಶಾಲಾ ಮಕ್ಕಳೂ ತಿಂಗಳುಗಟ್ಟಲೆ ಕಾದರು.

ತಂದೆತಾಯಿ ಬೇಡ ಎನ್ನಬಹುದಿತ್ತೇ?

ಚಿಕಿತ್ಸೆಗೆ ಬೇಡ ಎನ್ನಬಹುದಿತ್ತು, ತಪಾಸಣೆಗೆ ಅಲ್ಲ. ಕಾರಣವಿಲ್ಲದೆ ಮಗುವನ್ನು ತಪಾಸಣೆಗೆ ಕಳಿಸದಿದ್ದರೆ 5 ಪೌಂಡ್‌ವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿತ್ತು.

‘ಹೇನಿನ ನರ್ಸ್’ ಬಗ್ಗೆ ಎಲ್ಲರೂ ಹೇಳುತ್ತಾರೆ. ಆಕೆ ಮಾಡುತ್ತಿದ್ದುದೇನು?

ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಮಗುವನ್ನು ನಿಲ್ಲಿಸಿ, ಕಿವಿಯ ಹಿಂದೆ ಮತ್ತು ಕತ್ತಿನ ಮೇಲ್ಭಾಗದಲ್ಲಿ ಕೂದಲನ್ನು ಸೀಳಿ ನೋಡುತ್ತಿದ್ದರು. ಹೇನು ಬೆಳಕು ಕಂಡರೆ ಓಡುತ್ತದೆ, ಸೀರು ಓಡುವುದಿಲ್ಲ. ಅದು ಕೂದಲಿನ ಬುಡಕ್ಕೆ ಅಂಟಿಕೊಂಡಿರುತ್ತದೆ, ಊದಿದರೂ ಎಳೆದರೂ ಜಾರದು. ಹೊಟ್ಟಾದರೆ ಉದುರುತ್ತದೆ. ಸೀರು ಬುಡದಿಂದ ದೂರ ಇದ್ದಷ್ಟೂ ಹಳೆಯದು, ಒಡೆದ ಚಿಪ್ಪು. ಒಂದು ತಲೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಸೋಂಕುನಾಶಕದ ಬಟ್ಟಲಿನಲ್ಲಿ ಬೆರಳು ಅದ್ದಬೇಕು.

ಸಿಕ್ಕರೆ 1944ರ ಕಾಯ್ದೆಯ ಕಲಂ 54 ಜಾರಿಯಾಗುತ್ತಿತ್ತು. ಮೊದಲು ಮನೆಗೆ ನೋಟಿಸ್, ತಲೆ ಶುಚಿ ಮಾಡಲು ಕನಿಷ್ಠ 24 ಗಂಟೆ ಕಾಲಾವಕಾಶ. ಆಗದಿದ್ದರೆ ಆದೇಶ ಹೊರಡಿಸಿ ಕ್ಲಿನಿಕ್ಕಿನಲ್ಲೇ ಶುಚಿ. ಹೆಣ್ಣುಮಕ್ಕಳ ತಲೆಯನ್ನು ವೈದ್ಯರು ಅಥವಾ ನೇಮಿತ ಮಹಿಳೆ ಮಾತ್ರ ಮುಟ್ಟಬೇಕೆಂದು ಕಾನೂನೇ ಹೇಳಿತ್ತು.

ಔಷಧಿಯಲ್ಲಿ ಎಲ್ಲಿ ಸೋಲಾಗುತ್ತಿತ್ತು? ಲೆಥೇನ್ ಎಣ್ಣೆ ಓಡಾಡುವ ಹೇನನ್ನು ಕೊಲ್ಲುತ್ತಿತ್ತು, ಸೀರನ್ನಲ್ಲ. ಸೀರು 7ರಿಂದ 10 ದಿನದಲ್ಲಿ ಒಡೆಯುತ್ತದೆ. ಹಾಗಾಗಿ ಒಂದೇ ಸಲ ಹಚ್ಚಿ ಬಿಟ್ಟರೆ ಮುಂದಿನ ವಾರ ತಲೆ ಮತ್ತೆ ತುಂಬಿರುತ್ತಿತ್ತು, ಮತ್ತೆ ನೋಟಿಸ್, ಮತ್ತೆ ಅವಮಾನ. ಡಿಡಿಟಿ ಕೂದಲಿನಲ್ಲಿ ದಿನಗಟ್ಟಲೆ ಉಳಿದು ಹೊಸದಾಗಿ ಹೊರಬಂದ ಮರಿಗಳನ್ನೂ ಕೊಲ್ಲುತ್ತಿದ್ದುದರಿಂದ ಯುದ್ಧಾನಂತರ ಅದಕ್ಕೆ ಬೆಲೆ ಬಂತು. ಆದರೂ ಮಗುವಿನ ತಲೆ ಶುಚಿಯಾಗಿ, ಮನೆಯಲ್ಲಿರುವ ಅಕ್ಕನ, ಅಜ್ಜಿಯ ತಲೆ ಹಾಗೇ ಉಳಿದರೆ ಫಲವಿಲ್ಲ. ಶಾಲೆಯ ಅಧಿಕಾರ ಶಾಲೆಯ ಮಕ್ಕಳ ಮೇಲೆ ಮಾತ್ರವಿತ್ತು, ಹೇನಿಗೆ ಆ ಗಡಿ ಇರಲಿಲ್ಲ.

ಹಳೆಯ ಶಾಲಾ ಅಂಕಿಗಳನ್ನು ನಂಬುವ ಮುಂಚೆ ಒಂದು ಮಾತು. ಯುದ್ಧದ ಆರಂಭದಲ್ಲಿ ಕೀಟತಜ್ಞ ಕೆನೆತ್ ಮೆಲನ್‌ಬಿ ಸಾಂಕ್ರಾಮಿಕ ರೋಗದ ಆಸ್ಪತ್ರೆಗಳಿಗೆ ಸೇರಿದ ಮಕ್ಕಳ ತಲೆಯ ದಾಖಲೆ ಕಲೆಹಾಕಿದಾಗ, ಕೈಗಾರಿಕಾ ನಗರಗಳ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೇನಿತ್ತು. ಶಾಲಾ ವರದಿಗಳು ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತಿದ್ದವು. ಅವಸರದ ನೋಟಕ್ಕೆ ಹಗುರವಾದ ಸೋಂಕು ಸಿಗುವುದಿಲ್ಲ.

ಕಜ್ಜಿಗೆ ಪ್ರತ್ಯೇಕ ಆದೇಶವೇ ಇತ್ತಂತೆ?

ಹೌದು, 1941ರ ಕಜ್ಜಿ ಆದೇಶ. ಆರೋಗ್ಯಾಧಿಕಾರಿ ಇಡೀ ಮನೆಯವರನ್ನು ಪರೀಕ್ಷಿಸಿ ಚಿಕಿತ್ಸೆಗೆ ಕರೆಯಬಹುದಿತ್ತು. ಇದಕ್ಕೆ ಗಟ್ಟಿ ಕಾರಣವಿದೆ: ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು ಸುಮಾರು ಒಂದು ತಿಂಗಳು ಬೇಕು. ತುರಿಕೆಯಿಲ್ಲದ ಅಣ್ಣನೇ ಸೋಂಕು ಹರಡುತ್ತಿರಬಹುದು. ಶೆಫೀಲ್ಡಿನಲ್ಲಿ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದನ್ನು ತೋರಿಸಿದವರೂ ಮೆಲನ್‌ಬಿಯೇ. ಹಾಸಿಗೆ ಕಂಬಳಿಗಳನ್ನು ಹಬೆಯಲ್ಲಿ ಬೇಯಿಸುವುದರಿಂದ ಹೆಚ್ಚು ಲಾಭವಿಲ್ಲವೆಂದೂ, ಸೋಂಕು ಮುಖ್ಯವಾಗಿ ಮೈಗೆ ಮೈ ತಗುಲಿ ಹರಡುತ್ತದೆಂದೂ ಅವರು ಕಂಡುಕೊಂಡರು. ಚಿಕಿತ್ಸೆ 25% ಬೆಂಜೈಲ್ ಬೆಂಜೋಯೇಟ್ ದ್ರಾವಣ. ಕುತ್ತಿಗೆಯಿಂದ ಅಂಗಾಲಿನವರೆಗೆ ಎಲ್ಲೂ ಬಿಡದೆ ಹಚ್ಚಬೇಕು. ಹುಳು ಸತ್ತ ಮೇಲೂ ಕೆಲ ದಿನ ತುರಿಕೆ ಇರುತ್ತದೆ. ಗುಣವಾಗಿಲ್ಲವೆಂದು ಮತ್ತೆ ಮತ್ತೆ ಗಂಧಕದ ಮುಲಾಮು ಹಚ್ಚಿ ಚರ್ಮ ಸುಟ್ಟುಕೊಂಡ ಪ್ರಕರಣಗಳು ಕ್ಲಿನಿಕ್ಕಿಗೆ ಬರುತ್ತಿದ್ದವು.

ಗಂಟಲಮಾರಿ (ಡಿಫ್ತೀರಿಯಾ) ಲಸಿಕೆಯನ್ನು ಬೇಸಿಗೆಯಲ್ಲಿ ನಿಲ್ಲಿಸುತ್ತಿದ್ದುದು ಯಾಕೆ?

ಮೊದಲು ಲಸಿಕೆ ಸಾಧಿಸಿದ್ದನ್ನು ಹೇಳಬೇಕು. 1940ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗಂಟಲಮಾರಿಯ 61,000ಕ್ಕೂ ಹೆಚ್ಚು ಪ್ರಕರಣ, 3,283 ಸಾವು. 1957ರಲ್ಲಿ 38 ಪ್ರಕರಣ, 6 ಸಾವು. ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು, ಶಾಲೆ ಸೇರುವಾಗ ಬೂಸ್ಟರ್. ಮಾಡಿದ್ದು ಇಷ್ಟೇ, ಆದರೆ ಊರೂರಿನಲ್ಲೂ ಬಿಡದೆ ಮಾಡಿದರು.

1947ರ ದೊಡ್ಡ ಪೋಲಿಯೊ ಹಾವಳಿಯ ನಂತರ ವೈದ್ಯರ ಗಮನಕ್ಕೆ ಒಂದು ಸಂಗತಿ ಬಂತು. ಕೆಲವು ಮಕ್ಕಳಲ್ಲಿ ಚುಚ್ಚುಮದ್ದು ಕೊಟ್ಟ ಒಂದು ತಿಂಗಳೊಳಗೆ ಪೋಲಿಯೊ ಬಂದು, ಚುಚ್ಚಿದ ಕೈಯೇ ಅಥವಾ ಕಾಲೇ ಸೊರಗುತ್ತಿತ್ತು. 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಮತ್ತು ನೋಲ್ಡನ್ ಅಂಕಿಗಳಿಂದ ಈ ಸಂಬಂಧ ತೋರಿಸಿದರು. ಲಸಿಕೆಯಲ್ಲಿ ಪೋಲಿಯೊ ಇರಲಿಲ್ಲ. ದೇಹದಲ್ಲಿ ಆಗಲೇ ವೈರಸ್ ಸೇರಿದ್ದ ಮಗುವಿನಲ್ಲಿ, ಸ್ನಾಯುವಿಗಾದ ಚುಚ್ಚುಗಾಯ ಲಕ್ವ ಆ ಅಂಗಕ್ಕೆ ಎರಗುವಂತೆ ಮಾಡುತ್ತಿತ್ತು. ಫಟಕಿ ಬೆರೆಸಿದ ಲಸಿಕೆಗಳಲ್ಲಿ ಅಪಾಯ ಹೆಚ್ಚು. ಅದಕ್ಕಾಗಿ ಊರಿನಲ್ಲಿ ಪೋಲಿಯೊ ಕಂಡರೆ ಚುಚ್ಚುಮದ್ದನ್ನು ತಡೆದು, ಪೋಲಿಯೊ ಹೆಚ್ಚಾಗುವ ಬೇಸಿಗೆ ಕಳೆದ ಮೇಲೆ ಮುಂದುವರಿಸುತ್ತಿದ್ದರು. ಆ ವರ್ಷಗಳ ಲಸಿಕೆ ಅಂಕಿ ಕುಸಿದಿದ್ದರೆ ಅಧಿಕಾರಿಯ ಸೋಮಾರಿತನ ಎಂದು ತೀರ್ಮಾನಿಸುವ ಮುನ್ನ ಪೋಲಿಯೊ ಕೋಷ್ಟಕ ನೋಡಿ.

ಪೋಲಿಯೊ ಲಸಿಕೆ ಯಾವಾಗ ಬಂತು?

1956ರಲ್ಲಿ ಸಾಲ್ಕ್ ಚುಚ್ಚುಮದ್ದು. ಆರಂಭದಲ್ಲಿ ದಾಸ್ತಾನು ಕಡಿಮೆ, ಯುವಜನರ ಆಸಕ್ತಿ ಇನ್ನೂ ಕಡಿಮೆ. 1959ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ತಂಡದ, ಇಂಗ್ಲೆಂಡ್ ಪರ ಆಡಿದ್ದ ಫುಟ್‌ಬಾಲ್ ಆಟಗಾರ ಜೆಫ್ ಹಾಲ್ 29ನೇ ವಯಸ್ಸಿನಲ್ಲಿ ಪೋಲಿಯೊದಿಂದ ತೀರಿಕೊಂಡರು. ಕ್ಲಿನಿಕ್ಕುಗಳ ಮುಂದೆ ಸಾಲು ಬೆಳೆಯಿತು. 1962ರಿಂದ ಸೇಬಿನ್ ಹನಿ, ಮಕ್ಕಳಿಗೆ ಸಕ್ಕರೆ ಗಡ್ಡೆಯ ಮೇಲೆ.

ಶಾಲೆಯಲ್ಲಿ ತೋಳಿಗೆ ಆರು ಸೂಜಿ ಚುಚ್ಚಿದ್ದು ಬಿಸಿಜಿಯೇ?

ಅಲ್ಲ, ಅದು ಹೀಫ್ ಪರೀಕ್ಷೆ. ಸ್ಪ್ರಿಂಗ್ ಇರುವ ಸಾಧನದಿಂದ ಆರು ಸೂಜಿಗಳು ಒಟ್ಟಿಗೆ ಮುಂಗೈಯಲ್ಲಿ ಸುಮಾರು 2 ಮಿ.ಮೀ. ಇಳಿಯುತ್ತಿದ್ದವು, ಕ್ಷಯದ ಸೋಂಕು ಆಗಲೇ ತಗುಲಿದೆಯೇ ಎಂದು ತಿಳಿಯಲು. ಕೆಲವು ದಿನ ಬಿಟ್ಟು ಓದಿ 0ಯಿಂದ 4ರವರೆಗೆ ದರ್ಜೆ. ಪ್ರತಿಕ್ರಿಯೆ ಇಲ್ಲದವರಿಗೆ ಮಾತ್ರ ಬಿಸಿಜಿ, ಮೇಲ್ತೋಳಿನ ಚರ್ಮದ ಪದರದೊಳಗೆ 0.1 ಮಿ.ಲೀ. ಸೂಜಿ ಆಳಕ್ಕೆ ಹೋದರೆ ವಾಸಿಯಾಗದ ಕೀವು ಹುಣ್ಣು. 1953ರಿಂದ ಇದನ್ನು 13ರ ಆಸುಪಾಸಿನ ಮಕ್ಕಳಿಗೆ ಕೊಡತೊಡಗಿದರು. ಜೋರಾಗಿ ಪ್ರತಿಕ್ರಿಯೆ ಬಂದ ಮಗುವಿಗೆ ಎದೆಯ ಎಕ್ಸ್-ರೇ ತೆಗೆಸಿ, ಮನೆಯವರನ್ನೂ ಪರೀಕ್ಷಿಸುತ್ತಿದ್ದರು. ಕೆಮ್ಮುತ್ತಾ ಮೂಲೆಯಲ್ಲಿ ಕೂತ ಅಜ್ಜ ಎಷ್ಟೋ ಸಲ ಪತ್ತೆಯಾಗುತ್ತಿದ್ದುದು ಮೊಮ್ಮಗನ ತೋಳಿನಿಂದ. ದೊಡ್ಡವರಿಗಾಗಿ ಎಕ್ಸ್-ರೇ ವಾಹನಗಳಿದ್ದವು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1957ರ ವಸಂತದ ಐದೇ ವಾರದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರ ಎದೆಯ ಚಿತ್ರ ತೆಗೆದರು.

ಹಾಲು?

1934ರಿಂದ ಅರ್ಧ ಪೆನ್ನಿಗೆ ಮೂರನೇ ಒಂದು ಪೈಂಟ್, ಅಂದರೆ 190 ಮಿ.ಲೀ. ಹತ್ತಿರ. 1946ರ ಆಗಸ್ಟಿನಿಂದ ಎಲ್ಲರಿಗೂ ಉಚಿತ. 1968ರಲ್ಲಿ ಮಾಧ್ಯಮಿಕ ಶಾಲೆಗಳಲ್ಲಿ, 1971ರಲ್ಲಿ 7 ವರ್ಷ ದಾಟಿದವರಿಗೆ ನಿಂತಿತು. ಆರೋಗ್ಯಾಧಿಕಾರಿಯ ಚಿಂತೆ ಹಾಲು ಪಾಶ್ಚರೀಕರಿಸಿದ್ದೇ ಎನ್ನುವುದು. ಹಸಿ ಹಾಲಿನಿಂದ ದನದ ಕ್ಷಯ ಮಕ್ಕಳ ಕುತ್ತಿಗೆ ಗ್ರಂಥಿಗೂ ಮೂಳೆಗೂ ಹತ್ತುತ್ತಿತ್ತು.

‘ಅಂಗವಿಕಲ ವಿದ್ಯಾರ್ಥಿ’ಗಳ 11 ವರ್ಗಗಳು ಯಾವುವು?

1945ರ ನಿಯಮಗಳ ಪ್ರಕಾರ: ಅಂಧರು, ಭಾಗಶಃ ದೃಷ್ಟಿಯುಳ್ಳವರು, ಕಿವುಡರು, ಭಾಗಶಃ ಕಿವುಡರು, ನಾಜೂಕು ಮಕ್ಕಳು, ಮಧುಮೇಹಿಗಳು, ಕಲಿಕೆಯಲ್ಲಿ ಹಿಂದುಳಿದವರು, ಮೂರ್ಛೆರೋಗಿಗಳು, ಹೊಂದಾಣಿಕೆಯಾಗದವರು, ದೈಹಿಕ ಅಂಗವಿಕಲರು, ಮಾತಿನ ದೋಷವುಳ್ಳವರು. ಮಧುಮೇಹಿಗಳನ್ನು ಮುಂದೆ ‘ನಾಜೂಕು’ ವರ್ಗಕ್ಕೆ ಸೇರಿಸಿದರು. ಪದಗಳು ಆ ಕಾಲದವು. ಇದರ ಆಚೆ ಇನ್ನೊಂದು ಗುಂಪಿತ್ತು: 1944ರ ಕಾಯ್ದೆಯ ಕಲಂ 57ರ ಅಡಿ ‘ಶಾಲೆಯಲ್ಲಿ ಕಲಿಸಲಾಗದವರು’ ಎಂದು ವೈದ್ಯರು ಬರೆದುಕೊಟ್ಟ ಮಕ್ಕಳು. ಒಂದು ಪರೀಕ್ಷೆ, ಒಂದು ಸಹಿ, ಆ ಮಗುವಿಗೆ ಶಾಲೆಯ ಬಾಗಿಲು ಮುಚ್ಚುತ್ತಿತ್ತು. 1971ರ ಏಪ್ರಿಲ್‌ವರೆಗೆ ಇದು ನಡೆಯಿತು. ಈ ಸೇವೆಯ ದಾಖಲೆಗಳಲ್ಲಿ ಓದಲು ಇದಕ್ಕಿಂತ ಕಷ್ಟದ ಪುಟಗಳಿಲ್ಲ.

ಹಳೆಯ ವಾರ್ಷಿಕ ವರದಿ ಓದುವಾಗ ಎಲ್ಲಿ ಮೋಸಹೋಗುತ್ತೇವೆ?

ನಾಲ್ಕು ಕಡೆ. ಹೇನಿನ ಕೋಷ್ಟಕದಲ್ಲಿ ‘ಒಟ್ಟು ಪರೀಕ್ಷೆಗಳು’ ಬೇರೆ, ‘ಸೋಂಕು ಕಂಡ ಮಕ್ಕಳು’ ಬೇರೆ. ಒಂದೇ ಮಗುವಿನ ತಲೆಯನ್ನು ವರ್ಷಕ್ಕೆ ಮೂರು ಸಲ ನೋಡಿರುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸೋಂಕು ಮೂರನೇ ಒಂದಕ್ಕೆ ಇಳಿದಂತೆ ಕಾಣುತ್ತದೆ. ಶಾಲೆಯ ಮಕ್ಕಳ ಸಂಖ್ಯೆಯಿಂದಲೇ ಭಾಗಿಸಬೇಕು.

‘ಸಾಮಾನ್ಯ ಸ್ಥಿತಿ’ ಎಂಬ ಕೋಷ್ಟಕ ವೈದ್ಯರ ಕಣ್ಣಂದಾಜು. 1947ರಿಂದ ಒಳ್ಳೆಯದು, ಪರವಾಗಿಲ್ಲ, ಕಳಪೆ ಎಂಬ ಮೂರು ದರ್ಜೆ. 1956ರಿಂದ ತೃಪ್ತಿಕರ, ಅತೃಪ್ತಿಕರ ಎಂಬ ಎರಡೇ. ಆ ವರ್ಷ ಮಕ್ಕಳು ದಿಢೀರನೆ ಬದಲಾಗಲಿಲ್ಲ, ಕೋಷ್ಟಕ ಬದಲಾಯಿತು. ವೈದ್ಯರು ಬದಲಾದ ವರ್ಷವೂ ಅಂಕಿ ಜಿಗಿಯುತ್ತದೆ, ಮೊದಲ ಪುಟದ ಸಿಬ್ಬಂದಿ ಪಟ್ಟಿ ನೋಡಿಕೊಳ್ಳಿ.

ಶಿಶುಮರಣ ಪ್ರಮಾಣ ಸಾವಿರ ಜನನಕ್ಕೆ ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಇದು 1939ರಲ್ಲಿ ಸುಮಾರು 51, 1950ರಲ್ಲಿ 30, 1960ರಲ್ಲಿ 22. ವರ್ಷಕ್ಕೆ 200 ಜನನವಿರುವ ಊರಿನಲ್ಲಿ ಒಂದೇ ಒಂದು ಸಾವು ಪ್ರಮಾಣವನ್ನು 5ರಷ್ಟು ಏರಿಸುತ್ತದೆ. ಅಂಥ ಊರಿಗೆ ಐದು ವರ್ಷದ ಸರಾಸರಿ ತೆಗೆಯದೆ ಏನನ್ನೂ ಹೇಳಬಾರದು.

ಕೊನೆಗೆ ಸಾಂಕ್ರಾಮಿಕ ರೋಗಗಳು. ಕುಟುಂಬ ವೈದ್ಯರು ಅನುಮಾನದ ಮೇಲೆ ತಿಳಿಸಿದ್ದು ಒಂದು ಸಂಖ್ಯೆ, ಆಸ್ಪತ್ರೆಯಲ್ಲಿ ಖಚಿತವಾದ ಮೇಲೆ ಉಳಿದದ್ದು ಇನ್ನೊಂದು. ಗಂಟಲುನೋವೆಲ್ಲ ಗಂಟಲಮಾರಿಯಲ್ಲ. ‘ತಿದ್ದಿದ’ ಅಂಕಿ ಇದ್ದರೆ ಅದನ್ನೇ ಬಳಸಿ.

ವರದಿಗಳು, ಕಾರ್ಡುಗಳು ಎಲ್ಲಿ ಸಿಗುತ್ತವೆ?

ಲಂಡನ್ನಿನ ಬರೋಗಳ ಆರೋಗ್ಯಾಧಿಕಾರಿಗಳ 5,500ಕ್ಕೂ ಹೆಚ್ಚು ವರದಿಗಳನ್ನು, 1848ರಿಂದ 1972ರವರೆಗಿನವು, ವೆಲ್‌ಕಮ್ ಗ್ರಂಥಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಲಂಡನ್ನಿನ ಶಾಲೆಗಳ ಬಗ್ಗೆ ಬೇಕಿದ್ದರೆ ಬರೋ ವರದಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ. 1965ರವರೆಗೆ ಅಲ್ಲಿ ಶಾಲಾ ಆರೋಗ್ಯ ಲಂಡನ್ ಕೌಂಟಿ ಕೌನ್ಸಿಲ್ಲಿನದು. ಬೇರೆ ಕಡೆಯೂ ಇದೇ ಗಮನವಿರಲಿ: ಸಣ್ಣ ಪಟ್ಟಣದ ವರದಿಯಲ್ಲಿ ಚರಂಡಿ, ವಸತಿ, ಆಹಾರ, ಸೋಂಕು ಸಿಗುತ್ತವೆ, ಶಾಲೆಯ ಅಂಕಿಗಳಿಗೆ ಕೌಂಟಿಯ ವರದಿಯನ್ನೇ ತೆಗೆಯಬೇಕು. ಮಕ್ಕಳ ವೈಯಕ್ತಿಕ ಕಾರ್ಡುಗಳು ಉಳಿದಿರುವುದೇ ವಿರಳ. ಉಳಿದವು ಕೌಂಟಿ ದಾಖಲೆಗಾರಗಳಲ್ಲಿ ಗೌಪ್ಯತೆಯ ನಿರ್ಬಂಧದಲ್ಲಿವೆ.

ಈ ವ್ಯವಸ್ಥೆ ಯಾವಾಗ ಮುಗಿಯಿತು?

1974ರ ಏಪ್ರಿಲ್ 1ರಂದು. ಅಂದು ಶಾಲಾ ಆರೋಗ್ಯ ಸೇವೆ ಶಿಕ್ಷಣ ಪ್ರಾಧಿಕಾರಗಳಿಂದ ಎನ್‌ಎಚ್‌ಎಸ್‌ಗೆ ಹೋಯಿತು, ಕೌನ್ಸಿಲ್ಲಿನ ಆರೋಗ್ಯಾಧಿಕಾರಿ ಹುದ್ದೆ ರದ್ದಾಯಿತು. ಹೆಲ್ತ್ ಇನ್ಸ್‌ಪೆಕ್ಟರ್‌ಗಳು ಮಾತ್ರ ಕೌನ್ಸಿಲ್ಲಿನಲ್ಲೇ ಉಳಿದರು. ಊರಿನ ಚರಂಡಿ ನೋಡುವವರು ಮತ್ತು ಊರಿನ ಮಕ್ಕಳನ್ನು ನೋಡುವವರು ಅಂದಿನಿಂದ ಬೇರೆ ಬೇರೆ ಕಚೇರಿಗಳಲ್ಲಿ ಕೂತರು.